ವಾಚ್ ತೋರಿಸುವ ಕ್ಯಾಲೊರಿಗೂ ತೂಕಕ್ಕೂ ತಾಳೆಯಾಗುತ್ತಿಲ್ಲ, ಸಹಾಯ ಮಾಡಿ

ಮುಂಜಾನೆ_ನಡಿಗೆ: ಆರು ವಾರಗಳಿಂದ ತಲೆ ಕೆಟ್ಟುಹೋಗಿದೆ. ವಾಚ್ ಪ್ರಕಾರ ದಿನಕ್ಕೆ 2,400 ಕ್ಯಾಲೊರಿ ಖರ್ಚು. ಆ್ಯಪ್ ಹಾಕಿಕೊಟ್ಟ ಊಟದ ಮಿತಿಯನ್ನು ಒಂದು ದಿನವೂ ಮೀರಿಲ್ಲ. ತೂಕ ಮಾತ್ರ ಎಳ್ಳಷ್ಟೂ ಇಳಿದಿಲ್ಲ. ಇನ್ನೊಂದು ವಿಚಿತ್ರ, ರಾತ್ರಿಯೆಲ್ಲ ಮಲಗಿ ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಆಗಲೇ 400 ಇರುತ್ತದೆ! ವಾಚ್ ಕೆಟ್ಟಿದೆಯೇ?

ದೂರದ_ಓಟ: ಪಟ್ಟಿ ಸಡಿಲವಾಗಿದೆ, ಬೇರೇನೂ ಅಲ್ಲ. ಹಸಿರು ಬೆಳಕಿನ ಸೆನ್ಸರ್ ಆಗ ನಾಡಿಯ ಬದಲು ಹೆಜ್ಜೆಯ ಲಯವನ್ನೇ ಹಿಡಿದುಬಿಡುತ್ತದೆ. ಮಣಿಕಟ್ಟಿನ ಮೂಳೆಗಿಂತ ಸ್ವಲ್ಪ ಮೇಲೆ ಬಿಗಿಯಾಗಿ ಕಟ್ಟಿ.

ಮುಂಜಾನೆ_ನಡಿಗೆ: ಕಟ್ಟಿ ಮೂರು ದಿನವಾಯಿತು. ಚರ್ಮದ ಮೇಲೆ ಪಟ್ಟಿಯ ಅಚ್ಚು ಬಿದ್ದಿದೆ, ಅಂಕಿ ಹಾಗೆಯೇ ಇದೆ.

ದೂರದ_ಓಟ: ಹಾಗಾದರೆ ಇನ್ನೊಂದು ಕೈಗೆ ಕಟ್ಟಿ. ಚಳಿಯಲ್ಲಿ ನಡೆಯುತ್ತೀರಾ? ಚಳಿಗೆ ಚರ್ಮದ ರಕ್ತಸಂಚಾರ ತಗ್ಗಿದರೂ ಅಳತೆ ತಪ್ಪುತ್ತದೆ.

ಬೆಟ್ಟದ_ಸೈಕಲ್: ಮಣಿಕಟ್ಟನ್ನು ನಂಬಿದ್ದೇ ತಪ್ಪು. ನನ್ನದು ಬಡಿತ ಅಳೆಯುವ ಎದೆಪಟ್ಟಿ, ಜೊತೆಗೆ ತುಳಿತದ ಶಕ್ತಿ ಅಳೆಯಲು ಪೆಡಲಿನಲ್ಲೇ ಪವರ್ ಮೀಟರ್. ಎರಡು ವರ್ಷದ ದಾಖಲೆ ಇಟ್ಟಿದ್ದೇನೆ.

ದೂರದ_ಓಟ: ಅವರು ನಡೆಯುವವರು. ಪೆಡಲಿನ ಮಾತು ಇಲ್ಲಿ ಯಾಕೆ? ಮೊದಲು ಬಡಿತ ಸರಿಯಾಗಲಿ.

ತಕ್ಕಡಿ: ಬಡಿತ ಸರಿಯಿದ್ದರೂ ಕ್ಯಾಲೊರಿ ತಪ್ಪಬಹುದು. 2017ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಏಳು ಸಾಧನಗಳ ಪೈಕಿ ಆರು ಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಅಳೆದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ನಿಖರವಾದದ್ದೂ ಸರಾಸರಿ ಶೇ. 27 ತಪ್ಪಿತು. ಮುಂಜಾನೆಯವರೇ, ನಿಮ್ಮ ವಯಸ್ಸು, ಎತ್ತರ, ತೂಕ ಹೇಳಿ. ಆ್ಯಪಿಗೆ ವಾಚ್ ಜೋಡಿಸಿದ್ದೀರಾ?

ಮುಂಜಾನೆ_ನಡಿಗೆ: ಗಂಡಸು, 38, 172 ಸೆಂ.ಮೀ., 70 ಕೆ.ಜಿ. ಜೋಡಿಸಿದ್ದೇನೆ, ಎಲ್ಲರೂ ಜೋಡಿಸುತ್ತಾರಲ್ಲವೇ? ಮಿತಿ 1,965. ನಡೆದ ದಿನ ಆ್ಯಪ್ ತಾನಾಗಿ 350 ಸೇರಿಸುತ್ತದೆ, ಅದನ್ನೂ ತಿನ್ನುತ್ತೇನೆ. ಚಟುವಟಿಕೆ ‘ಮಧ್ಯಮ’ ಎಂದು ಕೊಟ್ಟಿದ್ದೆ, ದಿನವೂ ನಡೆಯುತ್ತೇನಲ್ಲ.

ತಕ್ಕಡಿ: ಗಂಟು ಅಲ್ಲೇ ಇದೆ. ತೂಕ, ಎತ್ತರ, ವಯಸ್ಸಿನಿಂದ ಲೆಕ್ಕ ಹಾಕುವ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಹಾಕಿ: 700 + 1,075 − 190 + 5 = 1,590. ಸುಮ್ಮನೆ ಮಲಗಿದ್ದರೂ ದೇಹ ಉಸಿರಾಟಕ್ಕೆ, ಮೈಬಿಸಿಗೆ ದಿನಕ್ಕೆ ಖರ್ಚು ಮಾಡುವುದು ಇಷ್ಟು. ಗಂಟೆಗೆ 66, ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಹತ್ತಿರಹತ್ತಿರ 400. ನೀವು ಎದ್ದಾಗ ನೋಡಿದ್ದು ಇದನ್ನೇ, ವಾಚ್ ಕೆಟ್ಟಿಲ್ಲ. ‘ಮಧ್ಯಮ’ ಎಂದರೆ ಆ್ಯಪ್ ಇದನ್ನು 1.55ರಿಂದ ಗುಣಿಸುತ್ತದೆ, ಸುಮಾರು 2,465. ತೂಕ ಇಳಿಯಲೆಂದು ಅದರಲ್ಲಿ 500 ಕಳೆದು ನಿಮಗೆ 1,965 ಕೊಟ್ಟಿದೆ. ಅಂದರೆ ನಡಿಗೆ ಆಗಲೇ ಒಳಗೆ ಸೇರಿದೆ. ಮೇಲೆ 350 ಹಾಕಿದರೆ ಒಂದೇ ನಡಿಗೆಗೆ ಎರಡು ಸಲ ಊಟ. 2,315 ತಿಂದು 2,400 ಸುಟ್ಟರೆ ಉಳಿಯುವುದೇನು? ವಾಚಿನ ತಪ್ಪಿನಲ್ಲೇ ಅದು ಮುಚ್ಚಿಹೋಗುತ್ತದೆ. ಜೋಡಣೆ ತೆಗೆಯಿರಿ. ದಿನವೂ ಬೆಳಿಗ್ಗೆ ತೂಗಿ ವಾರದ ಸರಾಸರಿ ನೋಡಿ.

ಮುಂಜಾನೆ_ನಡಿಗೆ: ತೆಗೆದೆ. ಇವತ್ತು ಐದು ಕಿ.ಮೀ. ನಡೆದು ಬಂದೆ, ಮಿತಿ 1,965ರಲ್ಲೇ ನಿಂತಿದೆ. ಆರು ವಾರ ವಾಚನ್ನು ಬೈದಿದ್ದೆ. ತುಂಬಾ ಧನ್ಯವಾದ. ಮೂರು ವಾರ ಬಿಟ್ಟು ಸರಾಸರಿ ಹಾಕುತ್ತೇನೆ.

ದೂರದ_ಓಟ: ಆದರೂ ಪಟ್ಟಿ ಸಡಿಲ ಬಿಡಬೇಡಿ.

ಹೊಸ_ಈಜು: ನಾನು ಈಜುವಾಗ ವಾಚ್ ಬಡಿತವನ್ನೇ ತೋರಿಸುವುದಿಲ್ಲ. ಕ್ಯಾಲೊರಿ ಮಾತ್ರ ಏರುತ್ತದೆ. ಅದು ಎಲ್ಲಿಂದ ಬರುತ್ತದೆ?