ಮಸಾಲೆ ಊದುಬತ್ತಿ ಅರ್ಧಕ್ಕೇ ಆರುತ್ತೆ, ಹಚ್ಚಿದ ಮೇಲೆ ಪರಿಮಳವೂ ಇಲ್ಲ. ಪುಡಿಯ ಅಳತೆಯಲ್ಲಿ ತಪ್ಪೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಕೈಯಲ್ಲಿ ಹೊಸೆದ ಮಸಾಲೆ ಬತ್ತಿ ಮಾಡ್ತಾ ಇದ್ದೇವೆ. ಕರಿ ಬತ್ತಿ ತಂದು ಸೆಂಟಿನಲ್ಲಿ ಅದ್ದಿ ಮಾರೋದು ಬೇಡ, ಪರಿಮಳ ಪುಡಿಯಿಂದಲೇ ಬರಬೇಕು ಅಂತ ಇದ್ದೇವೆ. ಒಂದು ಕಿಲೋ ಒಣ ಪುಡಿಗೆ ಈಗ ಹಾಕುತ್ತಿರುವುದು ಹೀಗೆ: ಶ್ರೀಗಂಧದ ಪುಡಿ 200 ಗ್ರಾಂ, ಒಣಗಿಸಿದ ಗುಲಾಬಿ ದಳದ ಪುಡಿ 200, ಲಾವಂಚ 50, ಕಚೋರ 50, ಸಾಂಬ್ರಾಣಿ 150, ಗುಗ್ಗುಳ 100, ಜಿಗಟು (ಪುಡಿಯನ್ನು ಹಿಡಿದಿಡುವ ಅಂಟಂಟು ತೊಗಟೆ ಪುಡಿ) 250. ಇದ್ದಿಲು ಹಾಕಿಲ್ಲ. ಗಂಧದ ಕಾಂಪೌಂಡ್ (ಪರಿಮಳದ ಮಿಶ್ರಣ) 30 ಮಿ.ಲೀ. ಎಲ್ಲ ಒಟ್ಟಿಗೆ ಸುರಿದು ನೀರಲ್ಲಿ ಕಲಸಿ, ಹೊಸೆದು, ಒಂದು ದಿನ ಬಿಸಿಲಲ್ಲಿ ಒಣಗಿಸ್ತೇವೆ.

ಹಚ್ಚದೆ ಮೂಸಿದರೆ ಚೆನ್ನಾಗಿದೆ. ಹಚ್ಚಿದರೆ ಎರಡು ಇಂಚು ಉರಿದು ಆರಿಹೋಗುತ್ತೆ. ಉರಿದಷ್ಟು ಹೊತ್ತೂ ಒಣ ಎಲೆ ಸುಟ್ಟ ವಾಸನೆ. ಕೆಲವು ಬತ್ತಿ ಸೀಳು ಬಿಟ್ಟಿವೆ, ಕೆಲವು ಬಾಗಿವೆ. ಎಲ್ಲಿ ಸರಿಮಾಡಬೇಕು?

ಕಲ್ಲುಹೂವು:

ಮೇಡಂ, ಅಳತೆ ಬರೆದಿದ್ದು ಒಳ್ಳೇದಾಯ್ತು, ಉತ್ತರ ಅದರಲ್ಲೇ ಇದೆ.

ಆರುವುದಕ್ಕೆ ಕಾರಣ ಅಂಟು, ಅಂದರೆ ಮರದ ರಾಳ; ಜಿಗಟು ಇದರಲ್ಲಿ ಸೇರಿಲ್ಲ. ಸಾಂಬ್ರಾಣಿ, ಗುಗ್ಗುಳ ಸೇರಿ 250 ಗ್ರಾಂ, ಅಂದರೆ ಕಾಲು ಭಾಗ ಅಂಟೇ ಆಯ್ತು. ಅಂಟು ಕೆಂಡದ ಹತ್ತಿರ ಬಂದಾಗ ಮೊದಲು ಕರಗುತ್ತೆ, ಕರಗಿದ್ದು ಪುಡಿಯ ಸಂದುಗಳನ್ನು ತುಂಬಿ ಗಾಳಿ ಹೋಗದ ಹಾಗೆ ಮಾಡುತ್ತೆ. ಇದ್ದಿಲು ಇಲ್ಲದ ಬತ್ತಿಗೆ ಅದನ್ನು ದಾಟಿ ಉರಿಯುವಷ್ಟು ಕಾವು ಇರೋದಿಲ್ಲ. ಎಲ್ಲ ಅಂಟೂ ಸೇರಿ 100 ಗ್ರಾಂ ದಾಟದಿರಲಿ. ಗುಗ್ಗುಳ ಮಿಕ್ಸಿಯಲ್ಲಿ ಮೆತ್ತಿಕೊಂಡು ತರಿತರಿಯಾಗೇ ಉಳಿಯುತ್ತೆ, ಆ ಒಂದೊಂದು ತರಿಯ ಹತ್ತಿರವೂ ಕೆಂಡ ಸಾಯುತ್ತೆ. ರಾತ್ರಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಸ್ವಲ್ಪ ಗಂಧದ ಪುಡಿ ಜೊತೆ ಸೇರಿಸಿ ಅರೆದರೆ ನುಣ್ಣಗಾಗುತ್ತೆ. ಎಲ್ಲ ಪುಡಿಯನ್ನೂ ವಸ್ತ್ರಗಾಳಿತ ಮಾಡಲೇಬೇಕು, ರವೆ ಜರಡಿ ಸಾಲದು.

ಎಲೆ ಸುಟ್ಟ ವಾಸನೆ ಗುಲಾಬಿ ದಳದ್ದು. ಒಣಗಿದ ದಳದಲ್ಲಿ ಸುವಾಸನೆಯ ಎಣ್ಣೆ ಉಳಿಯೋದೇ ಅತ್ಯಲ್ಪ, ಸುಟ್ಟಾಗ ಅದು ಬರೀ ಸೊಪ್ಪು. ಮಲ್ಲಿಗೆ, ಸಂಪಿಗೆ, ಸೇವಂತಿಗೆ ಯಾವ ಹೂವಿನ ದಳ ಹಾಕಿದರೂ ಇದೇ ಕಥೆ. ಬತ್ತಿಯಲ್ಲಿ ನಮಗೆ ಸಿಗುವ ಪರಿಮಳ ಕೆಂಡದಿಂದ ಬರೋದಲ್ಲ. ಕೆಂಡದ ಸ್ವಲ್ಪ ಕೆಳಗೆ, ಇನ್ನೂ ಹೊತ್ತಿಕೊಳ್ಳದೆ ಬಿಸಿಯಾಗಿರುವ ಜಾಗದಿಂದ ಎಣ್ಣೆ ಆವಿಯಾಗಿ ಬರುತ್ತೆ. ಹಾಗಾಗಿ ನಿಧಾನಕ್ಕೆ ಆವಿಯಾಗುವ ಎಣ್ಣೆಯಿರುವ ಮರ, ಬೇರು, ಗಡ್ಡೆಗಳೇ ಮಸಾಲೆ ಬತ್ತಿಗೆ ಆಧಾರ: ಗಂಧ, ಲಾವಂಚ, ಕೊನ್ನಾರಿ ಗಡ್ಡೆ, ಜಟಾಮಾಂಸಿ, ಎಲೆಯಾದರೂ ಇದೇ ಗುಣವಿರುವ ಪಚ್ಚೆತೆನೆ. ನಿಂಬೆಸಿಪ್ಪೆ, ನಿಂಬೆಹುಲ್ಲಿನ ವಾಸನೆ ಒಣಗುವಾಗಲೇ ಅರ್ಧ ಹಾರಿಹೋಗಿರುತ್ತೆ.

ಇದನ್ನು ಮಾಡಿ ನೋಡಿ (ಕಿಲೋಗೆ): ಗಂಧದ ಪುಡಿ 300, ಲಾವಂಚ 80, ಕಚೋರ 50, ಕೊನ್ನಾರಿ ಗಡ್ಡೆ 50, ಸಾಂಬ್ರಾಣಿ 70, ಗುಗ್ಗುಳ 30, ಇದ್ದಿಲ ಪುಡಿ 150, ಜಿಗಟು 270. ಮೊದಲೇ ಕಿಲೋ ಕಲಸಬೇಡಿ. 100 ಗ್ರಾಂ ಮಾಡಿ, ಪೂರ್ತಿ ಒಣಗಿಸಿ, ಫ್ಯಾನ್ ಆರಿಸಿದ ಕೋಣೆಯಲ್ಲಿ ಹತ್ತು ಬತ್ತಿ ಹಚ್ಚಿ. ಒಂದಾದರೂ ಆರಿದರೆ ಇದ್ದಿಲು 20 ಗ್ರಾಂ ಏರಿಸಿ, ಗಂಧ ಅಷ್ಟೇ ಇಳಿಸಿ. ಬೇಗ ಉರಿಯಲಿ ಅಂತ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಹಾಕಲು ಹೇಳುವವರಿದ್ದಾರೆ. ದಯವಿಟ್ಟು ಬೇಡ, ಕೆಂಡ ವಿಪರೀತ ಬಿಸಿಯಾಗಿ ಗಂಧವನ್ನೇ ಸುಟ್ಟುಹಾಕುತ್ತೆ, ಹೊಗೆ ಗಂಟಲಿಗೆ ಹಿಡಿಯುತ್ತೆ.

ಕಲಸುವ ಕ್ರಮವೂ ಮುಖ್ಯ. ಕಾಂಪೌಂಡನ್ನು ಮೊದಲು ಬರೀ ಗಂಧದ ಪುಡಿಗೆ ಹಾಕಿ ಕೈಯಲ್ಲಿ ತಿಕ್ಕಿ, ಮುಚ್ಚಿದ ಡಬ್ಬದಲ್ಲಿ ಒಂದು ರಾತ್ರಿ ಇಡಿ. ಇದ್ದಿಲಿಗೆ ನೇರ ಬಿದ್ದರೆ ಅದು ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತೆ. ಜಿಗಟಿಗೆ ಬಿದ್ದರೆ ಎಣ್ಣೆಯ ಪದರ ಕಟ್ಟಿ ನೀರು ಹೀರೋದಿಲ್ಲ, ಅಂಟೂ ಬರೋದಿಲ್ಲ. ಇದ್ದಿಲು, ಜಿಗಟು ಬೆಳಿಗ್ಗೆ ಸೇರಲಿ. ನೀರು ಕಿಲೋಗೆ 700 ಮಿ.ಲೀ. ಲೆಕ್ಕದಲ್ಲಿ ಶುರುಮಾಡಿ ಸ್ವಲ್ಪ ಸ್ವಲ್ಪವೇ ಹಾಕಿ, ಚಪಾತಿ ಹಿಟ್ಟಿಗಿಂತ ಒಂದು ಗುಲಗಂಜಿ ಗಟ್ಟಿ ಇರಲಿ. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಟ್ಟು ಹೊಸೆಯಿರಿ. ಕಲಸಿದ್ದು ಅಂದೇ ಮುಗಿಯಬೇಕು, ರಾತ್ರಿ ಉಳಿದರೆ ಹುಳಿ ವಾಸನೆ ಬರುತ್ತೆ.

ಬಾಗೋದು, ಸೀಳೋದು ಎರಡೂ ಬಿಸಿಲಿಂದ. ಹೊರಪದರ ಮೊದಲು ಒಣಗಿ ಬಿಗಿಯುತ್ತೆ, ಒಳಗೆ ಇನ್ನೂ ಹಸಿ ಇರುತ್ತೆ. ನೆರಳಲ್ಲಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ 2-3 ದಿನ, ದಿನಕ್ಕೆರಡು ಸಲ ತಿರುವಿ.

ಕರಿಜೀರಿಗೆ:

ಮೇಲಿನವರು ಹೇಳಿದ ಅಳತೆ ಸರಿ ಇದೆ. ಆದರೆ ಆ 300 ಗ್ರಾಂ ಗಂಧ ಎಂಥದ್ದು ಅಂತ ಮೊದಲು ನೋಡಿ. ಎಣ್ಣೆ ಭಟ್ಟಿ ಇಳಿಸಿದ ಮೇಲೆ ಉಳಿದ ಪುಡಿಯೂ ಶ್ರೀಗಂಧದ ಪುಡಿ ಅಂತಲೇ ಬತ್ತಿ ಕೆಲಸಕ್ಕೆ ಮಾರಾಟವಾಗುತ್ತೆ. ಮರದ ಬಿಳಿ ಭಾಗದ ಪುಡಿಯೂ ಸೇರಿರುತ್ತೆ, ಅದಕ್ಕೆ ವಾಸನೆಯೇ ಇಲ್ಲ, ಪರಿಮಳ ಇರೋದು ಒಳಗಿನ ಗಟ್ಟಿ ತಿರುಳಾದ ಚೇಗಿನಲ್ಲಿ ಮಾತ್ರ. ಒಂದು ಚಿಟಿಕೆ ತಗೊಂಡು ಅಭ್ರಕದ ತಟ್ಟೆ ಅಥವಾ ದಪ್ಪ ತವಾ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಸುಡಬೇಡಿ. ನಿಜವಾದ ಚೇಗಾದರೆ ಹಾಲಿನಂಥ ಸಿಹಿ ಪರಿಮಳ ನಿಮಿಷಗಟ್ಟಲೆ ಬರುತ್ತೆ. ಮೊದಲು ಘಮ್ ಅಂದು ಆಮೇಲೆ ಬರೀ ಮರ ಸುಟ್ಟ ವಾಸನೆ ಬಂದರೆ ಅದಕ್ಕೆ ಸೆಂಟು ಹಾಕಿದ್ದಾರೆ.

ಭಟ್ಟಿ ಇಳಿಸಿದ ಪುಡಿ ಕೆಟ್ಟದ್ದೇನಲ್ಲ. ಸಮವಾಗಿ ಉರಿಯುತ್ತೆ, ಹೊಗೆ ಮೆದು. ಅದನ್ನು ತಳಹದಿ ಅಂತ ಲೆಕ್ಕ ಹಿಡಿಯಿರಿ, ಪರಿಮಳ ಅಂತ ಅಲ್ಲ. 250 ಗ್ರಾಂ ಅದು, 50 ಗ್ರಾಂ ಚೇಗಿನ ಪುಡಿ ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತೆ.

ಜಿಗಟನ್ನೂ ಪರೀಕ್ಷೆ ಮಾಡಿ. ಒಂದು ಚಮಚ ಪುಡಿಗೆ ನೀರು ಹಾಕಿ ನಾದಿ, ಹತ್ತು ನಿಮಿಷ ಬಿಟ್ಟು ಎರಡು ಬೆರಳಲ್ಲಿ ಎಳೆದರೆ ನೂಲು ಬರಬೇಕು. ಮರದ ಪುಡಿ ಬೆರೆಸಿದ್ದರೆ ಪಟ್ಟನೆ ಕಡಿಯುತ್ತೆ. ಆ ಸೀಳುಗಳಿಗೆ ಬಿಸಿಲಿನ ಜೊತೆ ಇದೂ ಕಾರಣ ಇರಬಹುದು. ಹಾಗಂತ ಜಿಗಟು ಕಿಲೋಗೆ 300 ಗ್ರಾಂ ಮೇಲೆ ಹೋಗಬೇಡಿ, ತೊಗಟೆ ಸುಟ್ಟ ಕಟು ವಾಸನೆ ಮುಂದೆ ಬರುತ್ತೆ. ಇನ್ನೊಂದು ಮಾತು: ನಮ್ಮ ಕಡೆಯ ಜಿಗಟು ಪಶ್ಚಿಮ ಘಟ್ಟದ ಗುಳಮಾವಿನ ತೊಗಟೆ. ಸುತ್ತಲೂ ಸುಲಿದರೆ ಮರ ಸಾಯುತ್ತೆ. ಎಲ್ಲಿಂದ ಬಂತು ಅಂತ ಕೇಳಿ, ಬಿಲ್ ಇರುವವರ ಹತ್ತಿರವೇ ಕೊಳ್ಳಿ.

ತುಂಗಾತೀರ:

ಇಬ್ಬರಿಗೂ ಧನ್ಯವಾದ. ನಮ್ಮ ಗಂಧದ ಪುಡಿ ಅಗ್ಗದ್ದು, ಹಾಗಾದರೆ ಭಟ್ಟಿ ಇಳಿಸಿದ್ದೇ ಇರಬೇಕು. ಇನ್ನೆರಡು ಕೇಳ್ತೀನಿ. ಕಾಗದದ ಮೇಲೆ ಉಜ್ಜಿ ಎಣ್ಣೆ ಕಲೆ ಆದರೆ ಸೆಂಟಲ್ಲಿ ಅದ್ದಿದ್ದು, ಬೂದಿ ಬಿಳಿ ಇದ್ದರೆ ಒಳ್ಳೆ ಬತ್ತಿ ಅಂತಾರೆ, ನಿಜವೇ? ಕೆಲವು ಹಳೇ ಕಾಲದ ಚಂಪಾ ಬತ್ತಿಗಳು ಕೈಗೆ ಮೆತ್ತಗೆ, ಒದ್ದೆ ಒದ್ದೆ ಇರುತ್ತವಲ್ಲ, ಅದು ಹೇಗೆ?

ಮಡ್ಡಿಧೂಪ:

ಬೂದಿಯ ಮಾತು ನಂಬಬೇಡಿ. ಬಣ್ಣ ಪುಡಿಯಲ್ಲಿರುವ ಖನಿಜಾಂಶದಿಂದ ಬರುತ್ತೆ, ಸುಣ್ಣದ ಅಂಶ ಸೇರಿಸಿದರೆ ಕಳಪೆ ಬತ್ತಿಯೂ ಬಿಳಿ ಬೂದಿ ಕೊಡುತ್ತೆ.

ಕಾಗದದ ಪರೀಕ್ಷೆ ಅರ್ಧ ಸರಿ. ಅದ್ದುವ ಸೆಂಟನ್ನು ಸಾಮಾನ್ಯವಾಗಿ ಡಿಇಪಿಯಲ್ಲಿ (ಡೈಈಥೈಲ್ ಥ್ಯಾಲೇಟ್ ಎಂಬ ದ್ರಾವಕ) ತೆಳು ಮಾಡಿರುತ್ತಾರೆ, ಅದು ಬೇಗ ಆರೋದಿಲ್ಲ, ಕಲೆ ಉಳಿಯುತ್ತೆ. ಆದರೆ ಗಂಧದೆಣ್ಣೆ, ಲಾವಂಚದೆಣ್ಣೆ ಕಲೆಯೂ ಬೇಗ ಹೋಗೋದಿಲ್ಲ. ಅದಕ್ಕಿಂತ ಬತ್ತಿಯನ್ನು ಮುರಿದು ನೋಡಿ. ಅದ್ದಿದ್ದರಲ್ಲಿ ಸಾಮಾನ್ಯವಾಗಿ ಒಳಗೆ ಒಂದೇ ಸಮ ಕರಿ ಇದ್ದಿಲು, ಪುಡಿಗೆ ತನ್ನದೇ ವಾಸನೆ ಇಲ್ಲ. ಮಸಾಲೆಯದ್ದರಲ್ಲಿ ಕಂದು ಬಣ್ಣ, ಬೇರಿನ ಸಣ್ಣ ನಾರು ಕಾಣುತ್ತೆ, ಬೆರಳಲ್ಲಿ ತಿಕ್ಕಿದರೆ ಮೂಸುತ್ತಾ ಹೋದಂತೆ ಪರಿಮಳ ಬದಲಾಗುತ್ತೆ. ಹಚ್ಚದಿದ್ದಾಗ ಕೋಣೆ ತುಂಬುವ ವಾಸನೆ ಬಂದು, ಹಚ್ಚಿದ ಮೇಲೆ ಕಣ್ಣು ಉರಿದರೆ ಬೇರೆ ಪರೀಕ್ಷೆ ಬೇಕಿಲ್ಲ.

ಆ ಮೆತ್ತಗಿನ ಗುಣ ಹಾಲುಮಡ್ಡಿಯದು. ಘಟ್ಟದ ಮಡ್ಡಿಮರದ ತೊಗಟೆ ಕಚ್ಚು ಮಾಡಿದಾಗ ಇಳಿಯುವ ಅಂಟು, ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತೆ. ಅದಕ್ಕೆ ಜೇನುತುಪ್ಪವೂ ಸೇರಿದರೆ ಬತ್ತಿ ಎಂದೂ ಗರಿಗರಿ ಆಗೋದಿಲ್ಲ, ಉರಿಯೋದೂ ನಿಧಾನ. ಪರಿಮಳವನ್ನು ಹಿಡಿದು ಬಿಡೋದರಲ್ಲಿ ಅದಕ್ಕೆ ಸಮ ಯಾವುದೂ ಇಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಪ್ರಯೋಗಕ್ಕೆ ಕಿಲೋಗೆ 50 ಗ್ರಾಂ ಹಾಕಿ, ಸಾಂಬ್ರಾಣಿಯಲ್ಲಿ ಅಷ್ಟೇ ಕಡಿಮೆ ಮಾಡಿ. ಮಳೆಗಾಲದಲ್ಲಿ ಬೇಡ. ಆ ತೇವಕ್ಕೆ ಬಿದಿರು ಕಡ್ಡಿಗೇ ಬೂಷ್ಟು ಬರುತ್ತೆ.

ಒಣಗಿದ ಕೂಡಲೇ ಮಾರಬೇಡಿ. ಬಟರ್ ಪೇಪರಿನಲ್ಲಿ ಸುತ್ತಿ ತಗಡಿನ ಡಬ್ಬದಲ್ಲಿ ಮೂರು ವಾರ ಇಟ್ಟರೆ ಬೇರು, ಅಂಟು, ಕಾಂಪೌಂಡ್ ಒಂದಾಗುತ್ತವೆ. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಪರಿಮಳ ಸೋರಿಹೋಗುತ್ತೆ.

ಕಲ್ಲುಹೂವು:

ಲೇಬಲ್ ಮಾಡಿಸುವ ಮೊದಲು ಎರಡು ವಿಷಯ. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಕ ಇದೆ, ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಆ ಹೆಸರು ಹಾಕುವಂತಿಲ್ಲ. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಐಎಸ್ 19412:2025 ಮಾನದಂಡದಲ್ಲಿ ಸಾಂಪ್ರದಾಯಿಕ ಮಸಾಲೆ ಬತ್ತಿಯನ್ನು ಪ್ರತ್ಯೇಕ ವರ್ಗವಾಗಿ ಇಟ್ಟಿದ್ದಾರೆ, ಅಲೆಥ್ರಿನ್, ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳನ್ನು ನಿಷೇಧಿಸಿದ್ದಾರೆ. ಕಾಂಪೌಂಡ್ ಕೊಳ್ಳುವಾಗ ಅದರಲ್ಲಿ ಏನೇನಿದೆ ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

100 ಗ್ರಾಂ ಪ್ರಯೋಗ ಒಣಗಿದ ಮೇಲೆ ಎಷ್ಟು ನಿಮಿಷ ಉರಿಯಿತು ಅಂತ ಇಲ್ಲೇ ಹಾಕಿ ಮೇಡಂ, ಇದ್ದಿಲಿನ ಅಳತೆ ಅದರ ಮೇಲೆ ಹೇಳ್ತೀನಿ.