ಉದ್ರಿ ಬಾಕಿಗೆ ಪ್ರಾವಿಜನ್: ದಿನದ ಲೆಕ್ಕವೋ, ಸುಗ್ಗಿ ಲೆಕ್ಕವೋ?

ಪ್ರಶ್ನೆ (ಶಹಾಪುರ): ನಮಸ್ಕಾರ್ರಿ ಸರ್. ನಮ್ಮದು ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಮಾರ್ಚ್ 31ಕ್ಕ ಉದ್ರಿ ಬಾಕಿ ₹9,70,000 ಅದ. ವರ್ಷದೊಳಗ ₹25,000 ರೈಟ್ ಆಫ್ (ಇನ್ನ ಬರೂದಿಲ್ಲ ಅಂತ ಪುಸ್ತಕದಿಂದ ತೆಗೆಯೋದು) ಮಾಡಿದ ಮ್ಯಾಲ ಪ್ರಾವಿಜನ್ (ಬಾರದೇ ಹೋಗಬಹುದಾದ ಬಾಕಿಗೆ ಮೊದಲೇ ತೆಗೆದಿಡೋ ಮೊತ್ತ) ಖಾತೆಯಾಗ ₹45,000 ಕ್ರೆಡಿಟ್ ಉಳಿದದ. ಬಾಕಿ ಎಷ್ಟು ದಿನ ಹಳೇದು ಅಂತ ತೋರಿಸೋ 30-60-90 ದಿನದ ಪಟ್ಟಿ ತೆಗೆದ್ರ ಬಹಳಷ್ಟು ಬಾಕಿ ಹಳೇದಂತ ಬರ್ತದ. ಎಷ್ಟು ಪ್ರಾವಿಜನ್ ಹಾಕಬೇಕ್ರಿ?

ಉತ್ತರ: ನಿಮ್ಮ ಧಂದೆಗೆ ಆ ಪಟ್ಟಿ ಹೊಂದೋದಿಲ್ರಿ. ಕಾಲುವೆ ಕೆಳಗಿನ ಭತ್ತದ ರೈತ ಜನವರಿಯಲ್ಲಿ ಒಯ್ದ ಗೊಬ್ಬರದ ದುಡ್ಡು ಬೇಸಿಗೆ ಭತ್ತ ಮಾರಿದಾಗ ಕೊಡ್ತಾನೆ. ಮಾರ್ಚ್‌ನಲ್ಲಿ ಅದಕ್ಕೆ ವಾಯಿದೆಯೇ ಬಂದಿರೋದಿಲ್ಲ. ಜೂನ್‌ನಲ್ಲಿ ತೊಗರಿಗೆ ಒಯ್ದವನು ಮಾತ್ರ ಫೆಬ್ರವರಿ ಹೊತ್ತಿಗೆ ಮಾಲು ಮಾರಿರ್ತಾನೆ. ಇನ್ನೂ ಕೊಟ್ಟಿಲ್ಲ ಅಂದ್ರೆ ಅನುಮಾನ ಪಡಬೇಕಾದ ಬಾಕಿ ಅದು. ಹಿಂಗಾಗಿ ಸುಗ್ಗಿವಾರು ವಿಂಗಡಿಸ್ರಿ. ಉದಾಹರಣೆಗೆ:

ವಾಯಿದೆ ಬಾರದ್ದು 6,40,000 × 1% = 6,400
ಈ ವರ್ಷದ ಮುಂಗಾರು 2,10,000 × 10% = 21,000
ಹೋದ ವರ್ಷದ್ದು 90,000 × 40% = 36,000
ಅದಕ್ಕೂ ಹಿಂದಿನದು 30,000 × 80% = 24,000

ಒಟ್ಟು ₹87,400 ಇರಬೇಕು. ಖಾತೆಯಲ್ಲಿ 45,000 ಇರೋದರಿಂದ ಈಗ ಹಾಕೋದು 42,400 ಮಾತ್ರ: ಲಾಭ-ನಷ್ಟ ಖಾತೆ ಡೆಬಿಟ್, ಪ್ರಾವಿಜನ್ ಖಾತೆ ಕ್ರೆಡಿಟ್. ಪೂರ್ತಿ 87,400 ಮತ್ತೆ ಹಾಕೋದು ಎಲ್ಲರೂ ಮಾಡೋ ತಪ್ಪು. ರೈಟ್ ಆಫ್ ಜಾಸ್ತಿಯಾಗಿ ಪ್ರಾವಿಜನ್ 5,000 ಡೆಬಿಟ್‌ಗೆ ಹೋಗಿದ್ದರೆ 92,400 ಹಾಕಬೇಕಿತ್ತು. ಆಸ್ತಿ-ಹೊಣೆ ಪಟ್ಟಿಯಲ್ಲಿ ಬಾಕಿ ನಿವ್ವಳ 8,82,600.

ಮೇಲಿನ ಶೇಕಡಾಗಳು ನಿಮ್ಮವಲ್ಲ. ಹಿಂದಿನ ಮೂರ್ನಾಲ್ಕು ಮಾರ್ಚ್ 31ರ ಪಟ್ಟಿ ತೆಗೆದು, ಪ್ರತಿ ಗುಂಪಿನಲ್ಲಿ ಕೊನೆಗೂ ಬಾರದೇ ಹೋದದ್ದೆಷ್ಟು ಅಂತ ನೋಡಿ ಹಾಕ್ರಿ. ಮಳೆ ಕೈಕೊಟ್ಟ ವರ್ಷ ಮುಂಗಾರಿನ ದರ ಏರಿಸಲೇಬೇಕು.

ಪ್ರಶ್ನೆ (ಸುರಪುರ): ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಒಳಗ ಪ್ರಾವಿಜನ್ ರೈತರ ಖಾತೆಗೇ ಕ್ರೆಡಿಟ್ ಮಾಡಬಹುದೇನ್ರಿ?

ಉತ್ತರ: ಬ್ಯಾಡ್ರಿ. ರೈತನ ಬಾಕಿ ಕಡಿಮೆ ಕಾಣ್ತದೆ, ವಸೂಲಿಗೆ ಹೋದ ಹುಡುಗ ಅಷ್ಟೇ ಕೇಳಿ ಬರ್ತಾನೆ. ಪ್ರಾವಿಜನ್‌ಗೆ ಬೇರೆ ಲೆಡ್ಜರ್ ಇರಲಿ. ಖಾತ್ರಿ ಬರೋದಿಲ್ಲ ಅಂದಾಗ ಮಾತ್ರ ಎಫ್7 ಜರ್ನಲ್‌ನಲ್ಲಿ ಪ್ರಾವಿಜನ್ ಡೆಬಿಟ್, ರೈತನ ಖಾತೆ ಕ್ರೆಡಿಟ್. ಮುಂದೆ ಅವನು ದುಡ್ಡು ತಂದರೆ ಮೊದಲು ಆ ಎಂಟ್ರಿ ಉಲ್ಟಾ ಮಾಡಿ, ಆಮೇಲೆ ರಶೀದಿ ಹಾಕ್ರಿ. ಖಾತೆಯ ಇತಿಹಾಸ ಉಳೀತದೆ.

ಪ್ರಶ್ನೆ (ಶಹಾಪುರ): ಈ 42,400 ಟ್ಯಾಕ್ಸಿನಾಗ ಖರ್ಚು ಅಂತ ಸಿಗ್ತದೇನ್ರಿ? ಜಿಎಸ್‌ಟಿ ವಾಪಸ್?

ಉತ್ತರ: ಎರಡೂ ಇಲ್ರಿ. ಆದಾಯ ತೆರಿಗೆಯಲ್ಲಿ ಅಂಗಡಿಯವರಿಗೆ ಪ್ರಾವಿಜನ್ ನಡೆಯೋದಿಲ್ಲ. ಲೆಕ್ಕ ಹಾಕುವಾಗ 42,400 ಲಾಭಕ್ಕೆ ಕೂಡಿಸಿ, ರೈಟ್ ಆಫ್ ಆದ 25,000 ಕಳೀಬೇಕು. ಆ ಮಾರಾಟ ಹಿಂದೆ ಆದಾಯದಲ್ಲಿ ಸೇರಿರಬೇಕು, ಅಷ್ಟೇ. ಬಾಕಿ ಮುಳುಗಿತು ಅಂತ ಪುರಾವೆ ಕೊಡೋದು ಬೇಕಿಲ್ಲ, ಪುಸ್ತಕದಲ್ಲಿ ರೈಟ್ ಆಫ್ ಮಾಡಿದರೆ ಸಾಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅಂದಾಜು ಲಾಭದ ಸ್ಕೀಮಿನಲ್ಲಿ ರಿಟರ್ನ್ ತುಂಬೋರಿಗೆ ಈ ರೈಟ್ ಆಫ್ ಖರ್ಚೂ ಪ್ರತ್ಯೇಕವಾಗಿ ಸಿಗೋದಿಲ್ಲ.

ಜಿಎಸ್‌ಟಿ 34ನೇ ಸೆಕ್ಷನ್ನಿನ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸೋ ಚೀಟಿ) ಕೊಡೋದು ಮಾಲು ವಾಪಸ್ ಬಂದಾಗ, ಮಾಲು ಸರಿಯಿಲ್ಲದಾಗ, ಬಿಲ್ ಹೆಚ್ಚಾಗಿದ್ದಾಗ. ದುಡ್ಡು ಬಾರದ್ದಕ್ಕೆ ಅಲ್ಲ. 10,000ದ ಔಷಧಿಗೆ ಕಟ್ಟಿದ 1,800 ಹೋದಂತೆಯೇ; ರೈಟ್ ಆಫ್ ಪೂರ್ತಿ 11,800ಕ್ಕೆ.

ಇನ್ನೊಂದು: ಹಳೇ ಬಾಕಿಗೆ ದಾವೆ ಹೂಡೋ ಅವಧಿ 3 ವರ್ಷ. ಅದು ಮುಗಿಯೋದರೊಳಗೆ ಬಾಕಿ ಒಪ್ಪಿದ ಪತ್ರಕ್ಕೆ ತಾರೀಖಿನ ಸಮೇತ ಸಹಿ ತಗೊಂಡರೆ ಅಲ್ಲಿಂದ ಹೊಸದಾಗಿ 3 ವರ್ಷ ಸಿಗ್ತದೆ.