ಕೆಡೆನ್‌ಲೈವ್: ಬಳಸದ ಕ್ಲಿಪ್‌ಗಳನ್ನು ತೆಗೆದರೂ ಡಿಸ್ಕ್‌ನಲ್ಲಿ ಜಾಗ ತೆರವಾಗುತ್ತಿಲ್ಲ

ಚಂಡೆಮದ್ದಳೆ:

ಎಲ್ಲರಿಗೂ ನಮಸ್ಕಾರ. ನಮ್ಮೂರಿನಲ್ಲಿ ರಾತ್ರಿಯಿಡೀ ನಡೆದ ಯಕ್ಷಗಾನ ಬಯಲಾಟವನ್ನು ಎರಡು ಕ್ಯಾಮೆರಾಗಳಲ್ಲಿ, ಒಂದರಲ್ಲಿ ಇಡೀ ರಂಗಸ್ಥಳ ಹಾಗೂ ಇನ್ನೊಂದರಲ್ಲಿ ಹಿಮ್ಮೇಳ ಕಾಣುವಂತೆ, 4ಕೆ ಗುಣಮಟ್ಟದಲ್ಲಿ ಚಿತ್ರೀಕರಿಸಿದ್ದೇನೆ. ಲಿನಕ್ಸ್‌ನಲ್ಲಿ ಕೆಡೆನ್‌ಲೈವ್ ಎಂಬ ವಿಡಿಯೊ ಸಂಕಲನ ತಂತ್ರಾಂಶ ಬಳಸಿ ಅದರ ಸಂಕ್ಷಿಪ್ತ ರೂಪವೊಂದನ್ನು ಸಿದ್ಧಪಡಿಸಿದ್ದಾಗಿದೆ. 1 ಟೆರಾಬೈಟ್ ಹಾರ್ಡ್ ಡಿಸ್ಕ್ ತುಂಬುತ್ತಾ ಬಂದಿರುವುದರಿಂದ, ಟೈಮ್‌ಲೈನಿಗೆ (ತುಣುಕುಗಳನ್ನು ಜೋಡಿಸುವ ಸಾಲಿಗೆ) ಬಾರದೆ ಉಳಿದ ಕ್ಲಿಪ್‌ಗಳನ್ನು ತೆಗೆಯಲು ಪ್ರಾಜೆಕ್ಟ್ ಮೆನುವಿನ ‘ಕ್ಲೀನ್ ಪ್ರಾಜೆಕ್ಟ್’ ಆಯ್ಕೆಯನ್ನು ಬಳಸಿದೆ. ಪ್ರಾಜೆಕ್ಟ್ ಬಿನ್ (ಪ್ರಾಜೆಕ್ಟಿಗೆ ಸೇರಿಸಿದ ಕ್ಲಿಪ್‌ಗಳ ಪಟ್ಟಿ) ಚೊಕ್ಕಟವಾಯಿತು, ಆದರೆ ಡಿಸ್ಕ್‌ನಲ್ಲಿ ಒಂದಿಷ್ಟೂ ಜಾಗ ತೆರವಾಗಲಿಲ್ಲ. ‘ಪ್ರಾಜೆಕ್ಟ್ ಸೆಟ್ಟಿಂಗ್ಸ್’ ತೆರೆದು ‘ಪ್ರಾಜೆಕ್ಟ್ ಫೈಲ್ಸ್’ ಟ್ಯಾಬ್‌ಗೆ ಹೋದರೆ, ಅಲ್ಲಿ ಬಳಸದ ಕ್ಲಿಪ್‌ಗಳ ಸಂಖ್ಯೆ ಸೊನ್ನೆ ಎಂದು ಕಾಣುತ್ತಿದೆ. ಇದೇ ಫೋಲ್ಡರಿನ ಕೆಲವು ಫೈಲ್‌ಗಳು ಭಾಗವತರ ಪದ್ಯಗಳಿಗಾಗಿ ಮಾಡಿಕೊಂಡಿರುವ ಮತ್ತೊಂದು ಪ್ರಾಜೆಕ್ಟಿನಲ್ಲೂ ಇವೆ. ಬೇಡವಾದ ಫೈಲ್‌ಗಳನ್ನು ಡಿಸ್ಕ್‌ನಿಂದಲೇ ಅಳಿಸುವ ಸುರಕ್ಷಿತ ಮಾರ್ಗ ಯಾವುದೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಕತ್ತರಿಮೇಜು:

ನಮಸ್ಕಾರ. ನೀವು ಕಂಡದ್ದು ತಂತ್ರಾಂಶದ ದೋಷವಲ್ಲ. ಕೆಡೆನ್‌ಲೈವ್ ಪ್ರಾಜೆಕ್ಟ್ ಫೈಲ್ ಎನ್ನುವುದು ಎಕ್ಸ್‌ಎಂಎಲ್ ರೂಪದ ಪಠ್ಯ ಮಾತ್ರ. ಅದರೊಳಗೆ ವಿಡಿಯೊ ಇರುವುದಿಲ್ಲ. ಯಾವ ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ, ಅದರ ಯಾವ ಭಾಗವನ್ನು ಟೈಮ್‌ಲೈನಿನಲ್ಲಿ ಎಲ್ಲಿ ತೋರಿಸಬೇಕು ಎಂಬ ವಿವರಗಳಷ್ಟೇ ಇರುತ್ತವೆ. ‘ಕ್ಲೀನ್ ಪ್ರಾಜೆಕ್ಟ್’ ಆ ಪಟ್ಟಿಯಿಂದ ಬಳಸದ ಕ್ಲಿಪ್‌ಗಳ ಹೆಸರನ್ನು ತೆಗೆಯುತ್ತದೆಯೇ ಹೊರತು ಡಿಸ್ಕ್‌ನಲ್ಲಿರುವ ಮೂಲ ಫೈಲನ್ನು ಮುಟ್ಟುವುದಿಲ್ಲ.

ಮೂಲ ಫೈಲನ್ನೇ ಅಳಿಸುವ ‘ಡಿಲೀಟ್ ಫೈಲ್ಸ್’ ಗುಂಡಿ ಇರುವುದು ನೀವು ತೆರೆದು ನೋಡಿದ ಅದೇ ‘ಪ್ರಾಜೆಕ್ಟ್ ಫೈಲ್ಸ್’ ಟ್ಯಾಬಿನಲ್ಲಿ. ಬಿನ್‌ನಲ್ಲಿದ್ದೂ ಟೈಮ್‌ಲೈನಿನಲ್ಲಿ ಇಲ್ಲದ ಕ್ಲಿಪ್‌ಗಳನ್ನು ಮಾತ್ರ ಅದು ‘ಬಳಸದವು’ ಎಂದು ಪರಿಗಣಿಸುತ್ತದೆ. ನೀವು ಮೊದಲೇ ಅವನ್ನು ಬಿನ್‌ನಿಂದ ತೆಗೆದಿದ್ದರಿಂದ ಆ ಫೈಲ್‌ಗಳಿಗೂ ಪ್ರಾಜೆಕ್ಟಿಗೂ ಈಗ ಸಂಬಂಧವೇ ಉಳಿದಿಲ್ಲ, ಆದ್ದರಿಂದಲೇ ಸೊನ್ನೆ ಕಾಣುತ್ತಿದೆ. ಪಟ್ಟಿ ಮರಳಿ ಬೇಕಿದ್ದರೆ ಫೈಲ್ ಮೆನುವಿನ ‘ಓಪನ್ ಬ್ಯಾಕಪ್ ಫೈಲ್’ ಮೂಲಕ, ಬಿನ್ ಚೊಕ್ಕಟ ಮಾಡುವುದಕ್ಕೆ ಮೊದಲು ಉಳಿಸಿದ ಆವೃತ್ತಿಯನ್ನು ತೆರೆಯಬಹುದು.

ಆದರೂ ನಿಮ್ಮ ಸಂದರ್ಭದಲ್ಲಿ ಆ ಗುಂಡಿಯನ್ನು ಒತ್ತಬಾರದೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಅದು ಅಳಿಸಿದ್ದನ್ನು ಹಿಂದಕ್ಕೆ ಪಡೆಯಲಾಗದು ಎಂದು ಕೆಡೆನ್‌ಲೈವ್ ತಾನೇ ಎಚ್ಚರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ‘ಬಳಸಿಲ್ಲ’ ಎಂಬ ಅದರ ತೀರ್ಮಾನ ಈಗ ತೆರೆದಿರುವ ಒಂದು ಪ್ರಾಜೆಕ್ಟಿಗೆ ಸೀಮಿತವಾದದ್ದು. ಇದೇ ಹಿಮ್ಮೇಳದ ಫೈಲ್ ನಿಮ್ಮ ಪದ್ಯಗಳ ಪ್ರಾಜೆಕ್ಟಿಗೆ ಆಧಾರವಾಗಿದೆ ಎಂಬುದನ್ನು ತಿಳಿಯುವ ದಾರಿ ಅದಕ್ಕಿಲ್ಲ. ರಾತ್ರಿಯ ಆಟವೊಂದನ್ನು ಮತ್ತೆ ಅದೇ ಕಲಾವಿದರಿಂದ ಅದೇ ರೀತಿ ಆಡಿಸಿ ಚಿತ್ರೀಕರಿಸಲು ಬರುವುದಿಲ್ಲವಾದ್ದರಿಂದ ಇಲ್ಲಿ ಅವಸರ ಸಲ್ಲದು.

ಎರಡೂ ಪ್ರಾಜೆಕ್ಟ್‌ಗಳಿಗೆ ಬೇಕಾದ ಫೈಲ್‌ಗಳನ್ನು ಮೊದಲು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳುವುದೇ ನನ್ನ ಸಲಹೆ. ಪ್ರಾಜೆಕ್ಟ್ ಮೆನುವಿನಲ್ಲಿ ‘ಆರ್ಕೈವ್ ಪ್ರಾಜೆಕ್ಟ್’ ಎಂಬ ಆಯ್ಕೆಯಿದೆ. ಅಲ್ಲಿ ಟೈಮ್‌ಲೈನಿನಲ್ಲಿರುವ ಕ್ಲಿಪ್‌ಗಳನ್ನು ಮಾತ್ರ ಸೇರಿಸುವಂತೆ ಗುರುತು ಹಾಕಿದರೆ, ಬೇಕಾದ ಫೈಲ್‌ಗಳ ಜೊತೆಗೆ ಹೊಸ ಜಾಗಕ್ಕೆ ಹೊಂದಿಕೊಂಡ ಪ್ರಾಜೆಕ್ಟ್ ಫೈಲ್ ಕೂಡ ನೀವು ಸೂಚಿಸಿದ ಫೋಲ್ಡರಿನಲ್ಲಿ ಸಿದ್ಧವಾಗುತ್ತದೆ. ಹೀಗೆ ಎರಡನ್ನೂ ಆರ್ಕೈವ್ ಮಾಡಿ, ಹಳೆಯ ಫೋಲ್ಡರಿನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ, ಆಮೇಲೆ ಹೊಸ ಪ್ರತಿಗಳನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಪರಿಶೀಲಿಸಿರಿ. ಹೆಸರು ಬದಲಿಸುವುದು ಏಕೆಂದರೆ, ಹೊಸ ಪ್ರತಿ ಇನ್ನೂ ಹಳೆಯ ಜಾಗದ ಯಾವುದಾದರೂ ಫೈಲನ್ನು ಅವಲಂಬಿಸಿದ್ದರೆ ಅದು ಕೂಡಲೇ ಗೊತ್ತಾಗುತ್ತದೆ. 2023ರ 23.04 ಆವೃತ್ತಿಯಿಂದ ಒಂದೇ ಪ್ರಾಜೆಕ್ಟಿನಲ್ಲಿ ಹಲವು ಸೀಕ್ವೆನ್ಸ್‌ಗಳನ್ನು (ಪ್ರತ್ಯೇಕ ಟೈಮ್‌ಲೈನ್‌ಗಳನ್ನು) ಇಟ್ಟುಕೊಳ್ಳಲು ಅವಕಾಶವಿರುವುದರಿಂದ, ಅಂಥವು ಇದ್ದರೆ ಪ್ರತಿಯೊಂದನ್ನೂ ತೆರೆದು ನೋಡುವುದು ಅಗತ್ಯ.

ಮಲೆನಾಡಿಗ:

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಮೂಲ ಚಿತ್ರಿಕೆಗಳನ್ನು ಮುಟ್ಟುವ ಮೊದಲು ‘ಪ್ರಾಜೆಕ್ಟ್ ಸೆಟ್ಟಿಂಗ್ಸ್’ನಲ್ಲೇ ಇರುವ ‘ಕ್ಯಾಶ್ ಡೇಟಾ’ (ತಾತ್ಕಾಲಿಕ ದತ್ತಾಂಶ) ಟ್ಯಾಬನ್ನು ತೆರೆದು ನೋಡಿರಿ. 4ಕೆ ಕ್ಲಿಪ್‌ಗಳಿಗೆ ಪ್ರಾಕ್ಸಿ (ಸಂಕಲನ ಹಗುರವಾಗಲೆಂದು ಮಾಡುವ ಕಡಿಮೆ ಗುಣಮಟ್ಟದ ಪ್ರತಿ) ಮಾಡಿಕೊಂಡಿದ್ದರೆ ಅವು, ಟೈಮ್‌ಲೈನ್ ಪ್ರಿವ್ಯೂಗಾಗಿ ರೆಂಡರ್ ಆದ ತುಣುಕುಗಳು, ಥಂಬ್‌ನೇಲ್‌ಗಳು ಎಲ್ಲವೂ ಎಷ್ಟೆಷ್ಟು ಜಾಗ ಹಿಡಿದಿವೆ ಎಂಬುದು ಅಲ್ಲಿ ತಿಳಿಯುತ್ತದೆ. ಇವನ್ನು ಅಳಿಸಿದರೆ ನಷ್ಟವೇನಿಲ್ಲ. ಮೂಲ ಫೈಲ್‌ಗಳು ಇರುವವರೆಗೆ ಬೇಕಾದಾಗ ಮತ್ತೆ ತಯಾರಿಸಿಕೊಳ್ಳಬಹುದು. ಬೇರೆ ಕಡೆ ಇಡುವಂತೆ ನೀವು ಸೂಚಿಸಿರದಿದ್ದರೆ ಇವೆಲ್ಲ ಹೋಮ್ ಫೋಲ್ಡರಿನೊಳಗೆ ಮರೆಯಾಗಿರುವ ಕ್ಯಾಶ್ ಫೋಲ್ಡರಿನಲ್ಲಿ ಇರುತ್ತವೆ.

ಚಂಡೆಮದ್ದಳೆ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರಾಕ್ಸಿಗಳನ್ನು ಅಳಿಸಿದ್ದರಿಂದ ಸದ್ಯಕ್ಕೆ ಉಸಿರಾಡುವಷ್ಟು ಜಾಗ ಸಿಕ್ಕಿದೆ. ಸಂಕ್ಷಿಪ್ತ ಆಟದ ಪ್ರಾಜೆಕ್ಟನ್ನು ಆರ್ಕೈವ್ ಮಾಡಿ ನೋಡಿದೆ. ಎಲ್ಲವೂ ಸರಿಯಾಗಿ ತೆರೆದುಕೊಂಡಿತು. ಆದರೆ ಹೊಸ ಫೋಲ್ಡರ್ ನಾನು ಎಣಿಸಿದ್ದಕ್ಕಿಂತ ಬಹಳ ದೊಡ್ಡದಾಗಿದೆ. ಒಡ್ಡೋಲಗದ ಐದಾರು ನಿಮಿಷ ಮಾತ್ರ ಬಳಸಿದ ಕ್ಲಿಪ್ ಕೂಡ ಪೂರ್ತಿ ಒಂದು ಗಂಟೆಯದೇ ಬಂದಿದೆ. ಬಳಸಿದ ಭಾಗವನ್ನಷ್ಟೇ ಉಳಿಸಿಕೊಳ್ಳಲು ಬರುವುದಿಲ್ಲವೇ?

ಕತ್ತರಿಮೇಜು:

ಕೆಡೆನ್‌ಲೈವ್ ಆರ್ಕೈವ್ ಮಾಡುವಾಗ ಫೈಲನ್ನು ಕತ್ತರಿಸುವುದಿಲ್ಲ. ಅದರ ಒಂದು ಸೆಕೆಂಡನ್ನು ಬಳಸಿದ್ದರೂ ಇಡೀ ಫೈಲನ್ನು ನಕಲು ಮಾಡುತ್ತದೆ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಿಸಿದೆ ಎಂದು ಇಟ್ಟುಕೊಂಡರೆ, ಗಂಟೆಗೆ 45 ಗಿಗಾಬೈಟ್ ಆಗುತ್ತದೆ. ಹಾಗಾಗಿ ದೀರ್ಘ ಕ್ಲಿಪ್‌ಗಳ ವಿಷಯದಲ್ಲಿ ಉಳಿತಾಯ ಕಡಿಮೆ.

ಸಂಕಲನ ಮುಗಿದಿರುವ ಈ ಪ್ರಾಜೆಕ್ಟಿನಲ್ಲಿ ಕ್ಲಿಪ್‌ಗಳನ್ನು ತುಂಡರಿಸಿ ಬದಲಿಸಲು ಹೋಗುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಎರಡು ಕ್ಯಾಮೆರಾಗಳ ನಡುವೆ ನೀವು ಕುದುರಿಸಿದ ಚೆಂಡೆಯ ಪೆಟ್ಟಿನ ಹೊಂದಾಣಿಕೆ ಕೆಲವೇ ಫ್ರೇಮ್‌ಗಳ ವ್ಯತ್ಯಾಸದಿಂದ ಕೆಟ್ಟುಹೋಗುತ್ತದೆ. ಮುಂದಿನ ಆಟದ ಕೆಲಸ ಆರಂಭಿಸುವಾಗ, ಟೈಮ್‌ಲೈನಿಗೆ ಏನನ್ನೂ ಹಾಕುವ ಮೊದಲೇ, ಕ್ಲಿಪ್ ಮಾನಿಟರಿನಲ್ಲಿ ಬೇಕಾದ ಭಾಗದ ಆದಿ ಮತ್ತು ಅಂತ್ಯವನ್ನು ಗುರುತಿಸಿ ‘ಎಕ್ಸ್‌ಟ್ರಾಕ್ಟ್ ಝೋನ್’ ಆಯ್ಕೆಯಿಂದ ಬೇರೆ ಫೈಲ್ ಮಾಡಿಕೊಳ್ಳಿರಿ. ಅದು ವಿಡಿಯೊವನ್ನು ಮರು ಎನ್‌ಕೋಡ್ ಮಾಡದೆ ಹಾಗೆಯೇ ತುಂಡರಿಸುವುದರಿಂದ ಗುಣಮಟ್ಟ ಕುಂದುವುದಿಲ್ಲ, ಆದರೆ ತುಂಡು ನೀವು ಹೇಳಿದ ಫ್ರೇಮಿನಲ್ಲೇ ಆರಂಭವಾಗದೆ ಹತ್ತಿರದ ಕೀಫ್ರೇಮಿಗೆ (ಪೂರ್ಣ ಚಿತ್ರವಾಗಿ ದಾಖಲಾದ ಫ್ರೇಮಿಗೆ) ಸರಿಯಬಹುದು. ಆದ್ದರಿಂದ ಎರಡೂ ಬದಿಯಲ್ಲಿ ಒಂದಿಷ್ಟು ಸೆಕೆಂಡುಗಳನ್ನು ಹೆಚ್ಚಿಗೆ ಬಿಟ್ಟುಕೊಳ್ಳುವುದು ಒಳ್ಳೆಯದು.

ಚಂಡೆಮದ್ದಳೆ:

ಅರ್ಥವಾಯಿತು. ಪದ್ಯಗಳ ಪ್ರಾಜೆಕ್ಟಿನ ಫೈಲ್‌ಗಳನ್ನು ನಾನು ಆರ್ಕೈವ್ ಮಾಡದೆ, ಕೈಯಾರೆ ಹೊಸ ಡಿಸ್ಕ್‌ಗೆ ವರ್ಗಾಯಿಸಿದ್ದೇನೆ. ಈಗ ತೆರೆದರೆ ಕ್ಲಿಪ್‌ಗಳು ಕಾಣುತ್ತಿಲ್ಲವೆಂಬ ಕಿಟಕಿ ಬರುತ್ತಿದೆ.

ಕತ್ತರಿಮೇಜು:

ಆ ಕಿಟಕಿಯಲ್ಲೇ ‘ಸರ್ಚ್ ರಿಕರ್ಸಿವ್ಲಿ’ ಎಂಬ ಗುಂಡಿ ಇದೆ. ಅದನ್ನು ಒತ್ತಿ ಹೊಸ ಡಿಸ್ಕ್‌ನ ಫೋಲ್ಡರನ್ನು ತೋರಿಸಿದರೆ ಕೆಡೆನ್‌ಲೈವ್ ಒಳಗಿನ ಉಪಫೋಲ್ಡರ್‌ಗಳನ್ನೂ ಹುಡುಕಿ ಕ್ಲಿಪ್‌ಗಳನ್ನು ಮರುಜೋಡಿಸುತ್ತದೆ. ಜೋಡಣೆಯಾದ ಮೇಲೆ ಪ್ರಾಜೆಕ್ಟನ್ನು ಉಳಿಸಿ, ಮುಚ್ಚಿ, ಮತ್ತೊಮ್ಮೆ ತೆರೆದು ನೋಡಿರಿ. ಆ ಕಿಟಕಿ ಮರಳಿ ಬಾರದಿದ್ದರೆ ಮತ್ತು ಪದ್ಯಗಳೆಲ್ಲ ಸರಿಯಾಗಿ ನುಡಿದರೆ, ಹಳೆಯ ಫೋಲ್ಡರನ್ನು ಅಳಿಸಬಹುದು.